ಐದನೇ ಗೀಟು

ಸುಮಿತ್ರಾ, ಆ ಶನಿವಾರ ನಿಮ್ಮ ಗಂಡ ವೆಂಕಟೇಶ ಹೇಳಿದ ಉತ್ತರ ತಪ್ಪಾಗಿತ್ತು. ನಾನು ಸರಿ ಎಂದೆ. ಎರಡು ವರ್ಷದಿಂದ ನಿಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದೇನೆ, ಇದೊಂದನ್ನು ಹೇಳಿಲ್ಲ.

ಅದೂ ಎಲ್ಲ ಶನಿವಾರಗಳ ಹಾಗೇ ಇತ್ತು. ಅಮೆರಿಕಕ್ಕೆ ಬಂದಾಗಿನಿಂದ ಐಸೆಲಿನ್‌ನಲ್ಲಿ ನಾನು ಕೆಲಸ ಮಾಡುವ ದಿನಸಿ ಅಂಗಡಿಯ ಹಿಂಬದಿ, ಅಕ್ಕಿ ಮೂಟೆಗಳ ಪಕ್ಕದಲ್ಲಿ ಚಹಾ ಕಾಸುತ್ತಿದ್ದೆ. ಹನ್ನೊಂದಕ್ಕೆ ಅವನು ವೆಸ್ಟ್ ವಿಂಡ್ಸರ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಕೈಯಲ್ಲಿ ನಿಮ್ಮ ಸಾಮಾನಿನ ಚೀಟಿ, ಕಂಕುಳಲ್ಲಿ ಆ ಹಳೇ ಶೂ ಡಬ್ಬಿ. ಅದರೊಳಗೆ ಕಾರ್ಡುಗಳು — ಯುದ್ಧವಿಮಾನ ಹಾರಿಸಿದ ಹೆಸರಾಂತ ಪೈಲಟ್‌ಗಳ ಬಗ್ಗೆ ಅವನೇ ಕೈಯಾರೆ ಬರೆದದ್ದು. ಮುಂಭಾಗದಲ್ಲಿ ಮೂರು ಸುಳಿವು, ಹಿಂಭಾಗದಲ್ಲಿ ಹೆಸರು. ಕಣ್ಣು ಸರಿಯಿಲ್ಲವೆಂದು ಏರ್‌ಫೋರ್ಸಿನವರು ವಾಪಸು ಕಳಿಸಿದ ಮೇಲೆ ಅವನಿಗೆ ಉಳಿದ ಆಕಾಶ ಅದೊಂದೇ.

ನಾನು ಪಿಯುಸಿ ಓದಿದವನು. ಆ ಹೆಸರುಗಳಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಸುಳಿವು ಓದುವುದು ನನ್ನ ಕೆಲಸ. ಉತ್ತರ ಹೇಳುವವರು ಅವನು ಮತ್ತು ನಮ್ಮ ಕೌಂಟರಿನ ಶಫಿ. ಸೋತವನು ಲೋಟ ತೊಳೆಯಬೇಕು. ಐದು ವಿಮಾನ ಬೀಳಿಸಿದ ಪೈಲಟ್‌ನನ್ನು ‘ಏಸ್’ ಅನ್ನುತ್ತಾರಂತೆ — ಹಾಗಾಗಿ ಐದು ಉತ್ತರ ಸರಿ ಹೇಳಿದವನು ಆ ದಿನದ ಏಸ್. ಒಂದೊಂದು ಸರಿ ಉತ್ತರಕ್ಕೂ ನಾನು ಡಬ್ಬಿಯ ಮುಚ್ಚಳದ ಮೇಲೆ ಒಂದು ಗೀಟು ಎಳೆಯುತ್ತಿದ್ದೆ.

“ತಾನ ಪ್ರಶ್ನಿ ಬರದು ತಾನ ಪಾಸಾಗ್ತಾನ್ ನೋಡ್ರಿ ಈ ಮನಷ್ಯಾ!” ಎಂದು ಶಫಿ ಪ್ರತಿವಾರ ಬೈಯುತ್ತಿದ್ದ. ಪ್ರತಿವಾರ ಅವನೇ ಲೋಟ ತೊಳೆಯುತ್ತಿದ್ದ.

ಆದರೆ ಆಗಲೇ ಮೂರು ವಾರದಿಂದ — ಹೌದು, ಮೂರು ವಾರದಿಂದ — ವೆಂಕಟೇಶ ತಪ್ಪು ಹೇಳುತ್ತಿದ್ದ. ಮೊದಲ ವಾರ ಒಂದು, ಆಮೇಲೆ ಎರಡು. ಕಾರ್ಡು ತಿರುಗಿಸಿ ಹಿಂಭಾಗದ ಹೆಸರು ನೋಡುತ್ತಿದ್ದದ್ದು ನಾನೊಬ್ಬನೇ. ನಾನು “ಕರೆಕ್ಟ್” ಎಂದು ಗೀಟು ಎಳೆದು ಕಾರ್ಡನ್ನು ಕೆಳಗೆ ತಳ್ಳಿಬಿಡುತ್ತಿದ್ದೆ. ಅವನಿಗೆ ಅವಮಾನವಾಗಬಾರದು ಅಂತ — ಅಲ್ಲ, ಅದು ಅರ್ಧ ಸತ್ಯ. ಸೋತರೆ ಅವನು ಬರುವುದನ್ನು ಬಿಟ್ಟಾನು ಎಂಬ ಭಯ. ವಾರವಿಡೀ ಮೂಟೆ ಹೊರುವ ನನಗೆ ಆ ಒಂದು ಗಂಟೆ...

ಆ ದಿನ ಐದರಲ್ಲಿ ಎರಡು ಮಾತ್ರ ಸರಿಯಿದ್ದವು. ಐದನೆಯದು ಡಬ್ಬಿಯಲ್ಲೇ ಅತಿ ಸುಲಭದ್ದು. ಮೊದಲನೇ ಮಹಾಯುದ್ಧ, ಜರ್ಮನ್ ಪೈಲಟ್, ಕೆಂಪು ಬಣ್ಣದ ವಿಮಾನ. ನನಗೇ ಬಾಯಿಪಾಠವಾಗಿತ್ತು. ಶಫಿ ಗಿರಾಕಿಯೊಬ್ಬರ ಬಿಲ್ ಮಾಡಲು ಕೌಂಟರಿಗೆ ಹೋಗಿದ್ದ. ವೆಂಕಟೇಶ ಸುಳಿವುಗಳನ್ನು ಇನ್ನೊಮ್ಮೆ ಓದಿಸಿ, ಎರಡನೇ ಮಹಾಯುದ್ಧದ ಯಾರೋ ಅಮೆರಿಕನ್ನನ ಹೆಸರು ಹೇಳಿದ.

“ಕರೆಕ್ಟ್, ಗುರುವೇ! ಏಸ್ ಆದೆ,” ಎಂದೆ. ಐದನೇ ಗೀಟು ಎಳೆದೆ.

ಅವನು ಕೈ ಚಾಚಿ ಕಾರ್ಡು ಇಸಕೊಂಡ. “ಯಾರ ಅಕ್ಷರನೋ ಇದು, ನಾಗರಾಜ? ಮುದ್ದಾಗಿದೆ,” ಎಂದ.

ಅಷ್ಟರಲ್ಲಿ ವಾಪಸು ಬಂದ ಶಫಿ ಬಿದ್ದು ಬಿದ್ದು ನಕ್ಕ. ತಮಾಷೆ ಅಂದುಕೊಂಡ. ತಮಾಷೆ ಅಲ್ಲವೆಂದು ನನಗೆ ಗೊತ್ತಾಯಿತು — ನಾನೂ ನಕ್ಕೆ. ಚಹಾ ಸೋಸಲು ಆ ಕಡೆ ತಿರುಗಿದೆ. ತಿರುಗಿ ನೋಡುವಾಗ ಅವನು ಕಾರ್ಡನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಡಬ್ಬಿಯನ್ನು ಬೆಂಚಿನ ಮೇಲೇ ಬಿಟ್ಟು ಎದ್ದ. ಹೊರಗೆ ಹೋಗಿ, ಎದುರಿಗೇ ನಿಂತಿದ್ದ ಕಾರನ್ನು ಹುಡುಕಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. “ಕೀ ಕೊಡು, ನಾನೇ ಬಿಟ್ಟು ಬರ್ತೀನಿ” ಅನ್ನಬಹುದಿತ್ತು. ಕೈ ಬೀಸಿದೆ.

ಇಪ್ಪತ್ತು ನಿಮಿಷದ ಮೇಲೆ ಅವನು ಕೆಂಪು ಸಿಗ್ನಲ್ ದಾಟಿ ನುಗ್ಗಿದ.

ಹದಿಮೂರನೇ ದಿನ ನೀವು ನನ್ನನ್ನು ಕೇಳಿದಿರಿ: “ಅವತ್ತು ಹೇಗಿದ್ರು, ನಾಗರಾಜಣ್ಣ? ಏನಾದ್ರೂ ವ್ಯತ್ಯಾಸ ಕಾಣಿಸ್ತಾ?”

“ಚೆನ್ನಾಗೇ ಇದ್ದ. ಏಸ್ ಆದ,” ಎಂದೆ.

“ಹಾಗಾದ್ರೆ ನನ್ನ ಫೋನೇ,” ಎಂದಿರಿ. “ಕರಿಬೇವು ಮರೀಬೇಡಿ ಅನ್ನೋಕೆ ಡ್ರೈವ್ ಮಾಡೋವಾಗ ಫೋನ್ ಮಾಡಿದೆನಲ್ಲ.”

ಅಂದಿನಿಂದ ನಿಮ್ಮ ಅಡಿಗೆಯಲ್ಲಿ ಕರಿಬೇವು ಇಲ್ಲ. ನಾನು ಆ ಅಡಿಗೆಯನ್ನೇ ಉಂಡು ಬಂದಿದ್ದೇನೆ.

ಅವನ ತಲೆಯೊಳಗೆ ಏನಾಗಿತ್ತೋ ನಾನು ಹೇಳಲಾರೆ, ಡಾಕ್ಟರಲ್ಲ. ಆದರೆ ನಿಮ್ಮ ಫೋನಿಗೆ ಮೊದಲೇ ಏನೋ ಆಗಿತ್ತು. ಅದು ನನಗೆ ಕಂಡಿತ್ತು. ನಾನದನ್ನು ನಿಮಗೆ ಮೂರು ವಾರ ಮೊದಲೇ ಹೇಳಬೇಕಿತ್ತು.

ಭಾನುವಾರ ಡಬ್ಬಿ ತರುತ್ತೇನೆ. ನಿಮ್ಮ ಮಗಳೂ ಮನೆಯಲ್ಲಿದ್ದರೆ ಅವಳೆದುರಿಗೇ ಇದನ್ನೆಲ್ಲ ಇನ್ನೊಮ್ಮೆ ಹೇಳುತ್ತೇನೆ. ನೀವು ಬಾಗಿಲು ಹಾಕಿದರೆ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತೇನೆ.

ಕಾರ್ಡನ್ನು ಜೇಬಿಗೆ ಹಾಕುವ ಮೊದಲು ಅವನು ಹಿಂಭಾಗ ತಿರುಗಿಸಿ ಓದಿದನೋ, ನನ್ನ ಸುಳ್ಳು ಅವನಿಗೆ ಗೊತ್ತಾಯಿತೋ — ನಾನು ನೋಡಲಿಲ್ಲ. ಪೊಲೀಸರು ನಿಮಗೆ ಕೊಟ್ಟ ಅವನ ವಸ್ತುಗಳಲ್ಲಿ ಅದಿರಲಿಲ್ಲ. ಡಬ್ಬಿಯಲ್ಲಿ ಆ ಒಂದು ಕಾರ್ಡು ಇಲ್ಲ.