ಒಂದು ಕಾಲು ರೊಪ್ಪದೊಳಗೆ

ಹೆಣ್ಣು ನೋಡಲು ದಾವಣಗೆರೆಗೆ ಹೋದ ದಿನವೇ ಸಣ್ಣತಿಮ್ಮಪ್ಪ ಎಡವಟ್ಟು ಮಾಡಿಕೊಂಡಿದ್ದ. "ಹುಡುಗಿ ಒಪ್ಪಿಗೇನಾ?" ಎಂದು ಹುಡುಗಿ ಸರಿತಾಳ ಅಪ್ಪ ಕೇಳಿದರೆ, "ನೋಡೋಣ" ಅಂದುಬಿಟ್ಟ. ಅಪ್ಪನ ಮುಖ ಗಂಟಿಕ್ಕಿತು. "ವಕೀಲ ಅಲ್ವಾ ಸ್ವಾಮಿ, ಇದೇ ಇವನ ಒಪ್ಪಿಗೆ" ಎಂದು ಜೊತೆಗೆ ಬಂದಿದ್ದ ಚಿಕ್ಕಪ್ಪ ಯರ್ರಪ್ಪ ಮಧ್ಯೆ ಬಾಯಿ ಹಾಕದಿದ್ದರೆ ಮದುವೆ ಅಲ್ಲಿಗೇ ಮುರಿಯುತ್ತಿತ್ತು.

ತಿಮ್ಮಪ್ಪನದು ದನ ಮೇಯುವ ಬಯಲಾದ ದೊಡ್ಡಉಳ್ಳಾರ್ತಿ ಕಾವಲಿನ ಅಂಚಿನ ಒಂದು ಹಟ್ಟಿ. ಯರ್ರಪ್ಪ ಅಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಆ ಎತ್ತುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ, ಅವು ದೇವರವು. ಅವನ್ನು ಕೂಡುವ ಮುಳ್ಳುಬೇಲಿಯ ರೊಪ್ಪದೊಳಗೆ ಚಪ್ಪಲಿ ಮೆಟ್ಟಿ ಹೋಗುವವರಿಲ್ಲ. ಆ ರೊಪ್ಪದ ಧೂಳಿನಲ್ಲೇ ಬೆಳೆದ ಹುಡುಗ ಚಿತ್ರದುರ್ಗದಲ್ಲಿ ಕಾನೂನು ಓದಿ, ಚಳ್ಳಕೆರೆ ಕೋರ್ಟಿನಲ್ಲಿ ಕರಿಕೋಟು ತೊಟ್ಟ. "ತೀರ್ಪು ಜಡ್ಜ್ ಬಾಯಾಗಿರ್ತೈತೆ ಕಣಯ್ಯ, ನಿನ್ನ ಬಾಯಾಗಲ್ಲ" ಎಂದು ಮೊಳಕಾಲ್ಮೂರಿನ ಹಿರಿಯ ವಕೀಲರು ಕಲಿಸಿದ್ದರು. ಅಂದಿನಿಂದ ಯಾವ ಕಕ್ಷಿದಾರ ಏನು ಕೇಳಿದರೂ ಒಂದೇ ಉತ್ತರ: ಕನ್ನಡದವರಿಗೆ "ನೋಡೋಣ", ತೆಲುಗಿನವರಿಗೆ "ಚೂದ್ದಾಂ".

ಅವನಿಗೆ ಇನ್ನೊಂದು ರೂಢಿಯಿತ್ತು. ಅಣ್ಣತಮ್ಮಂದಿರು ಪಾಲಿಗಾಗಿ ಜಗಳವಾಡಿಕೊಂಡು ಬಂದರೆ, ದಾವೆ ಹಾಕುವ ಮುಂಚೆ ಇಬ್ಬರನ್ನೂ ಮಂಡಕ್ಕಿ ಹೋಟೆಲಿಗೆ ಕರೆದೊಯ್ದು ಒಂದೇ ಮೇಜಿಗೆ ಕೂರಿಸುತ್ತಿದ್ದ. ಎಷ್ಟೋ ವ್ಯಾಜ್ಯಗಳು ಮೆಣಸಿನಕಾಯಿ ಬಜ್ಜಿಯ ಖಾರಕ್ಕೇ ಮುಗಿದುಹೋದವು. "ಹೀಗಾದ್ರೆ ನಿಮಗೆ ಕೇಸೇ ಉಳಿಯಲ್ಲ ಕಣ್ರೀ" ಎಂದು ಸರಿತಾ ಗೊಣಗುತ್ತಿದ್ದಳು. ಕೊನೆಗೆ ಹಾಗೆ ರಾಜಿಯಾದವರೇ ಹತ್ತು ಹಳ್ಳಿಗಳಿಂದ ಬಂದು, ಚುನಾವಣೆಗೆ ನಿಲ್ಲಲೇಬೇಕೆಂದು ಹಟ ಹಿಡಿದರು.

ನಿಂತದ್ದೇ ಕಷ್ಟಕ್ಕೆ ಬಂತು. "ಸಾರ್, ನೀವು ನೋಡೋಣ ಅಂದ್ರೆ ಜನಾನೂ ನೋಡೋಣ ಅಂತಾರೆ" ಎಂದು ಪ್ರಚಾರ ನೋಡಿಕೊಳ್ಳುತ್ತಿದ್ದ ಮುತ್ತುರಾಜ್ ತಲೆ ಚಚ್ಚಿಕೊಂಡ.

ಸ್ವಂತ ಹಟ್ಟಿಗೆ ಓಟು ಕೇಳಲು ಹೋದಾಗ ಅಲ್ಲಿಯ ದುರುಗಕ್ಕ ಮಗಳ ಕೈ ಹಿಡಿದು ಎದುರು ಬಂದಳು. ಕಾವಲಿನಲ್ಲಿ ಸಂಶೋಧನಾ ಸಂಸ್ಥೆಯೊಂದರ ಹೊಸ ಕ್ಯಾಂಪಸ್ಸಿನ ಬೇಲಿ ಎದ್ದು, ಹಟ್ಟಿಯ ಹಳೇ ಕಾಲುದಾರಿ ಮುಚ್ಚಿಹೋಗಿತ್ತು. ದೇವರ ಎತ್ತು ಕೆರೆಗೆ ಇಳಿಯುತ್ತಿದ್ದದ್ದೂ, ಮಕ್ಕಳು ಶಾಲೆಗೆ ಹೋಗುತ್ತಿದ್ದದ್ದೂ ಅದೇ ದಾರಿ.

"ವಕೀಲಣ್ಣ, ನಮ್ಮ ಸ್ವಪ್ನ ಈಗ ಲಾರಿ ರೋಡಲ್ಲಿ ಹೋಗ್ತಾಳೆ. ವಾಪಸ್ ಬರೋಗಂಟ ನನ್ನ ಜೀವ ಜೀವದಾಗಿರಲ್ಲ."

ಸರಿತಾ ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು. ಬರುವಾಗ ಆ ರಸ್ತೆಯನ್ನು ಅವಳೂ ನೋಡಿದ್ದಳು. ಅಂಚಿನಲ್ಲಿ ಕಾಲಿಡಲು ಜಾಗವಿಲ್ಲ; ಲಾರಿ ಹಾದರೆ ಅದರ ಗಾಳಿಯೇ ಮಗುವನ್ನು ತಳ್ಳುವಂತಿತ್ತು.

"ದಾರಿ ಬಿಡಿಸ್ತೀನಿ. ದೇವರೆತ್ತಿನಾಣೆ" ಅಂದುಬಿಟ್ಟ ತಿಮ್ಮಪ್ಪ.

ಜನ ಶಿಳ್ಳೆ ಹೊಡೆದರು. ಸರಿತಾ ಗಂಡನತ್ತ ತಿರುಗಿ ನೋಡಿದಳು. ತಾಳಿ ಕಟ್ಟಿಸಿಕೊಂಡವಳಿಗೇ ಒಂದು ಭಾಷೆ ಕೊಡದ ಮನುಷ್ಯ!

ಗೆದ್ದ. ವಿಧಾನಸೌಧದ ಮೆಟ್ಟಿಲು ಹತ್ತಿದ. ಆದರೆ ಜಾಗ ಕಾನೂನುಬದ್ಧವಾಗಿಯೇ ಕ್ಯಾಂಪಸ್ಸಿನವರಿಗೆ ಮಂಜೂರಾಗಿತ್ತು. ಅದು ಅವನೊಳಗಿನ ವಕೀಲನಿಗೆ ಗೊತ್ತಿತ್ತು. ಹಾರ ಹಾಕಿಸಿಕೊಂಡವನಿಗೆ ಮರೆತಿತ್ತು. ಯಾವ ಕಚೇರಿಗೆ ಹೋದರೂ ಅಧಿಕಾರಿಗಳು ಎದ್ದು ನಿಂತು, ಕಾಫಿ ತರಿಸಿ, "ನೋಡೋಣ ಸಾರ್" ಎನ್ನುತ್ತಿದ್ದರು.

ಹಬ್ಬಕ್ಕೆ ಹಟ್ಟಿಗೆ ಬಂದಾಗ ಯರ್ರಪ್ಪ ರೊಪ್ಪದ ಬಾಯಿಗೆ ಕೋಲು ಅಡ್ಡ ಹಿಡಿದ.

"ಅಲ್ಲೇ ನಿಂತ್ಕಳಲೇ ತಿಮ್ಮ. ಎತ್ತಿನಾಣೆ ಇಟ್ಟೋನು ಅದನ್ನ ತೀರ್ಸೋಗಂಟ ಒಳಕ್ಕೆ ಕಾಲಿಡಂಗಿಲ್ಲ. ಎಮ್ಮೆಲ್ಲೆ ಆದ್ರೂ ಅಷ್ಟೇ."

"ಕೇಸ್ ನಡೀತೈತೆ ಅನ್ನಿ ಸಾರ್" ಎಂದು ಮುತ್ತುರಾಜ್ ಪಿಸುಗುಟ್ಟಿದ. ಅದು ಮುದುಕನ ಕಿವಿಗೆ ಬಿತ್ತು. "ಎತ್ತಿಗೆ ವಾಯ್ದೆ ಗೊತ್ತಿಲ್ಲ ಕಣಪ್ಪ."

ಶಾಸಕ ಚಪ್ಪಲಿ ಕೈಯಲ್ಲಿ ಹಿಡಿದು, ಇಡೀ ಹಟ್ಟಿಯ ಮುಂದೆ ಹೊರಗೇ ನಿಂತ. ಕಾರು ಚಳ್ಳಕೆರೆಯತ್ತ ಹೊರಟಿತು. ಸರಿತಾಳಿಗೆ ಅವನ ಮೇಲೆ ಸಿಟ್ಟು, ಮರುಕ ಎರಡೂ ಬಂದವು.

"ಊರಿನ ಅಣ್ಣತಮ್ಮಂದಿರಿಗೆಲ್ಲ ಮಂಡಕ್ಕಿ ತಿನ್ನಿಸಿದ್ರಿ. ಆ ಬೇಲಿಯವರನ್ನ ಒಂದ್ಸಲ ಕರೀಬಾರ್ದಾ?"

"ನೋಡೋಣ" ಎಂದ. ಅದು ಒಪ್ಪಿಗೆಯೆಂದು ಅವಳಿಗೆ ಗೊತ್ತಿತ್ತು.

ಕ್ಯಾಂಪಸ್ಸಿನ ಅಧಿಕಾರಿ ಒಂದು ಬೆಳಗ್ಗೆ ದುರುಗಕ್ಕನ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿಂದರು. ದಾರಿಯ ಮಾತನ್ನು ತಿಮ್ಮಪ್ಪ ಎತ್ತಲೇ ಇಲ್ಲ. ಶಾಲೆಯ ಹೊತ್ತಾದಾಗ, "ಬರ್ರಿ, ಮಕ್ಕಳ ಜೊತೆ ನಡೆಯೋಣ" ಎಂದಷ್ಟೇ ಹೇಳಿದ. ಡಾಂಬರು ರಸ್ತೆ ಸೇರಿದ ಸ್ವಲ್ಪ ಹೊತ್ತಿಗೇ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತ ಬಂತು. ಅಧಿಕಾರಿ ಸ್ವಪ್ನಳ ಕೈ ಬಾಚಿ ಹಿಡಿದು ಮುಳ್ಳಿನ ಇಳಿಜಾರಿಗೆ ಹಾರಿದರು.

"ದಿನಾ ಹೀಗೇನಾ ಪುಟ್ಟಿ?"

"ಇವತ್ತು ಲಾರಿ ಕಮ್ಮಿ ಸಾರ್."

ಶಾಲೆಯ ಗೇಟು ಬರುವವರೆಗೂ ಅವರು ಆ ಕೈ ಬಿಡಲಿಲ್ಲ.

ಮಳೆಗಾಲದೊಳಗೆ ಬೇಲಿಯಲ್ಲೊಂದು ಕಿರುಬಾಗಿಲು ಬಂತು. ಶಾಲೆಯ ಹೊತ್ತಿಗೆ ಕಾವಲುಗಾರ ತೆರೆದು ಮುಚ್ಚುತ್ತಾನೆ. ಒಬ್ಬೊಬ್ಬರೇ ನುಸುಳಬೇಕು, ಅಷ್ಟು ಕಿರಿದು. ಎತ್ತು ತೂರುವುದಿಲ್ಲ. ಅಗಲ ಮಾಡಲು ಮೇಲಿನವರ ಅಪ್ಪಣೆ ಬೇಕಂತೆ. ಅದಕ್ಕೆಂದೇ ಹಟ್ಟಿಯವರು ಕೋರ್ಟಿನಲ್ಲಿ ದಾವೆ ಹಾಕಿದ್ದಾರೆ.

ಮುಂದಿನ ಹಬ್ಬಕ್ಕೆ ತಿಮ್ಮಪ್ಪ ಮತ್ತೆ ರೊಪ್ಪದ ಮುಂದೆ ನಿಂತ. ಯರ್ರಪ್ಪ ಬೇಲಿಯ ಕಡೆ ನೋಡಿ, ಎತ್ತುಗಳ ಕಡೆ ತಿರುಗಿದ.

"ಮಕ್ಕಳು ದಾಟ್ತಾವೆ. ಎತ್ತು ದಾಟಿಲ್ಲ. ಹಂಗಾದ್ರೆ... ಒಂದು ಕಾಲು ಇಡು."

ಜನ ಗೊಳ್ಳೆಂದರು. ಯರ್ರಪ್ಪ ನಗಲಿಲ್ಲ. ಶಾಸಕ ಚಪ್ಪಲಿ ಕಳಚಿ, ಬಲಗಾಲನ್ನು ರೊಪ್ಪದ ಧೂಳಿಗಿಟ್ಟು, ಎಡಗಾಲನ್ನು ಹೊರಗೇ ಉಳಿಸಿ ಕೈ ಮುಗಿದ.

"ಇನ್ನೊಂದು ಕಾಲು ಯಾವಾಗಲೇ ತಿಮ್ಮ?"

"ತೀರ್ಪು ನನ್ನ ಬಾಯಾಗಿಲ್ಲ ಚಿಕ್ಕಪ್ಪ."

ಮುಳ್ಳಿನ ಹೊಸಿಲ ಮೇಲೆ ಅವನ ಮೈ ವಾಲಾಡುತ್ತಿತ್ತು. ಸರಿತಾ ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಯರ್ರಪ್ಪ, ಅಂದು ಅಡ್ಡ ಹಿಡಿದಿದ್ದ ಅದೇ ಕೋಲನ್ನು ಚಾಚಿದ.

"ಹಿಡ್ಕ, ಬಿದ್ದೀಯ."