ಮುನವಳ್ಳಿ ಮೈಫಲಿನ ಎರಡನೇ ಮಗ್ಗಲು

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಕೃಷ್ಣವ್ವನ ಖಾನಾವಳಿ ಎರಡು ಕಾರಣಕ್ಕೆ ಹೆಸರುವಾಸಿಯಾಗಿತ್ತು. ಒಂದು, ಆಕೆಯ ಬಿಸಿ ಜೋಳದ ರೊಟ್ಟಿ. ಇನ್ನೊಂದು, ಸ್ಯಾಕ್ಸೊಫೋನಿನ ಹೆಸರಲ್ಲಿ ಅಲ್ಲಿ ನಡೆಯುತ್ತಿದ್ದ ಹೊಡೆದಾಟ. ಪರಸ್ಥಳದವರು ಈ ಎರಡನೆಯದನ್ನು ನಂಬುತ್ತಿರಲಿಲ್ಲ. ನೀರಿನ ತಂಬಿಗೆಯೊಂದು ತಲೆಯ ಮೇಲಿಂದ ಹಾರಿಹೋದ ಮೇಲೆ ನಂಬುತ್ತಿದ್ದರು.

ಹೊಡೆದಾಡುತ್ತಿದ್ದವರು ಪುಂಡರಲ್ಲ, ಕುಡುಕರೂ ಅಲ್ಲ. ಒಬ್ಬರು ವೀರಪ್ಪ ಸಾವಕಾರರು, ಪೇಟೆಯಲ್ಲಿ ಹತ್ತಿಯ ವ್ಯಾಪಾರಿ. ಇನ್ನೊಬ್ಬ ಕಟಕೋಳದ ಅಮೋಘಸಿದ್ದಪ್ಪ, ಬಸ್ ಕಂಡಕ್ಟರ್. ಇಬ್ಬರಿಗೂ ಲಕ್ಕಪ್ಪ ಮಾಸ್ತರನ ಸ್ಯಾಕ್ಸೊಫೋನ್ ಎಂದರೆ ಪಂಚಪ್ರಾಣ. ಈ ಲಕ್ಕಪ್ಪ ಕೃಷ್ಣವ್ವನ ಗಂಡ. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಊದುತ್ತಿದ್ದವನು ಆ ಹಿತ್ತಾಳೆಯ ವಾದ್ಯದಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಲು ಕಲಿತು ಸವದತ್ತಿ, ರಾಮದುರ್ಗದವರೆಗೂ ಹೆಸರು ಮಾಡಿದ. ಅವನವು ಎರಡು ಕ್ಯಾಸೆಟ್ ಬಂದವು. ಮೊದಲನೆಯದನ್ನು ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಬಾಗಿಲು ಮುಚ್ಚಿಕೊಂಡು ಮಾಡಿದ್ದರು. ಎರಡನೆಯದು ತೊಂಬತ್ತನಾಲ್ಕರಲ್ಲಿ ಮುನವಳ್ಳಿಯ ಗಣಪತಿ ಪೆಂಡಾಲಿನಲ್ಲಿ, ತುಂಬಿದ ಜನರ ಮುಂದೆ ಊದಿದ್ದನ್ನು ಇದ್ದಹಾಗೇ ಹಿಡಿದದ್ದು. ಜಗಳವೆಲ್ಲ ಈ 'ಮುನವಳ್ಳಿ ಮೈಫಲು' ಕ್ಯಾಸೆಟ್ಟಿನ ಎರಡನೇ ಮಗ್ಗಲಿನ ಭೈರವಿ ರಾಗದ್ದು. ಅದರಲ್ಲಿ ನಡುನಡುವೆ ಸ್ವರ ಒಡೆಯುತ್ತದೆ, ಗಂಟಲು ಕಟ್ಟಿದವರ ಹಾಗೆ ತಡವರಿಸುತ್ತದೆ, ಮತ್ತೆ ಎದ್ದು ಬರುತ್ತದೆ.

ವೀರಪ್ಪನವರೇ ತಂದಿಟ್ಟ ಟೇಪ್‌ರಿಕಾರ್ಡರ್ ಖಾನಾವಳಿಯ ಮೂಲೆಯಲ್ಲಿತ್ತು. ಭೈರವಿ ಅಲ್ಲಿಗೆ ಬಂದಿತೋ, ಶುರು.

"ಕುಡದಾನ! ಶುದ್ಧ ಕುಡದ ಊದ್ಯಾನ," ಎನ್ನುತ್ತಿದ್ದರು ವೀರಪ್ಪ. "ಹುಬ್ಬಳ್ಳಿ ಕ್ಯಾಸೆಟ್ಟಿನ್ಯಾಗ ಷಡ್ಜ ಹೆಂಗ ಗೂಟ ಬಡದಂಗ ನಿಲ್ಲತೈತಿ ನೋಡು. ಇಲ್ಲೆ ರಾಡ್ಯಾಗ ಕಾಲ ಜಾರಿದ ಎಮ್ಮಿ ಹಂಗ ಹೊಂಟೈತಿ."

"ಗೂಟಾ ಬಡಿಯಾಕ ಬಡಿಗ್ಯಾ ಸಾಕ್ರೀ ಸಾವಕಾರ್ರ. ಹಿಂಗ ಊದಾಕ ಎದಿ ಬೇಕು. ಹತ್ತಿ ತೂಗವ್ರಿಗೆ ಅದೇನ ತಿಳೀತೈತಿ?"

"ಏ ಅಮೋಘ್ಯಾ, ನಾಲಿಗಿ ಹಿಡದ ಮಾತಾಡು!"

ಮಾತು ಅಲ್ಲಿಗೆ ಮುಗಿದು ಕೈ ಮಾತಾಡತೊಡಗುತ್ತಿತ್ತು. ಒಮ್ಮೆ ಸಾವಕಾರರ ಚಷ್ಮಾ ಒಡೆಯಿತು, ಒಮ್ಮೆ ಕಂಡಕ್ಟರನ ಅಂಗಿ ಎರಡು ಪಾಲಾಯಿತು. ಮರುದಿನ ಇಬ್ಬರೂ ಏನೂ ಆಗಿಲ್ಲದವರಂತೆ ಬಂದು ಎದುರುಬದುರು ಕೂತು ರೊಟ್ಟಿ ಮುರಿಯುತ್ತಿದ್ದರು. ಇಂಥ ರಸಿಕರು ಬೇರೆ ಊರಿನಲ್ಲಿ ಇದ್ದರೆ ಇರಲಿ, ದೇವರು ಆ ಊರನ್ನು ಕಾಯಲಿ!

ಆ ಸ್ವರ ಏಕೆ ಒಡೆಯಿತೆಂದು ಕೃಷ್ಣವ್ವನಿಗೆ ಗೊತ್ತಿತ್ತು. ಆಕೆ ಸಂಗೊಳ್ಳಿಯ ಒಕ್ಕಲುತನದ ಮನೆಯ ಮಗಳು. ಲಕ್ಕಪ್ಪನ ಕೈಹಿಡಿದು ಬಂದ ಮೊದಲ ವರ್ಷವೇ ಅವನ ಕೈ ಎಂಥದೆಂದು ತಿಳಿಯಿತು. ಸಾರಿಗೆ ಉಪ್ಪು ಹೆಚ್ಚಾದರೆ ಬಡಿಯುತ್ತಿದ್ದ, ಕಾರ್ಯಕ್ರಮದಲ್ಲಿ ಚಪ್ಪಾಳೆ ಕಡಿಮೆಯಾದರೆ ಬಡಿಯುತ್ತಿದ್ದ. ಚಪ್ಪಾಳೆ ಜೋರಾಗಿ ಬಿದ್ದ ದಿನ ಕುಡಿದು ಬಂದು ಬಡಿಯುತ್ತಿದ್ದ. ಗಂಡ ಬಡಿದನೆಂದು ಊರ ಮುಂದೆ ಹೇಳಿದರೆ ನಗೆಗೇಡು ಎಂದು ಅವ್ವ ಹೇಳಿ ಕಳಿಸಿದ್ದಳು. ಕೃಷ್ಣವ್ವ ಬಾಯಲ್ಲಿ ಸೆರಗು ತುರುಕಿಕೊಂಡು ತಾಳಿದಳು. ಲಕ್ಕಪ್ಪನ ದುಡಿಮೆ ಮನೆಗೆ ಬಾರದೆ ಹೋದಾಗ ಖಾನಾವಳಿ ಇಟ್ಟಳು. ವೀರಪ್ಪ, ಅಮೋಘಸಿದ್ದಪ್ಪ ಅಂದಿನಿಂದಲೇ ಅಲ್ಲಿ ಉಣ್ಣುವವರು.

ಮುನವಳ್ಳಿಗೆ ಹೊರಟ ದಿನ ಮಧ್ಯಾಹ್ನ ಏಳು ವರ್ಷದ ಮಗಳು ನೀಲಾ ಹೊರಸಿನ ಮೇಲಿದ್ದ ಸ್ಯಾಕ್ಸೊಫೋನಿನ ಗುಂಡಿಯೊಂದನ್ನು ಒತ್ತಿ ನೋಡಿದಳು. ಲಕ್ಕಪ್ಪ ವಾದ್ಯವನ್ನು ಕೊರಳಿಗೆ ತೂಗುಹಾಕುವ ಪಟ್ಟಿ ಕಿತ್ತು ಕೂಸಿನ ಬೆನ್ನಿಗೆ ಬೀಸಿದ. ಪಟ್ಟಿಯ ತುದಿಯ ಕೊಕ್ಕೆ ಚರ್ಮ ಹರಿಯಿತು. ಎರಡನೆಯ ಏಟಿಗೆ ಕೈ ಎತ್ತಿದಾಗ ಕೃಷ್ಣವ್ವ ಜೋಳ ಅಳೆಯುವ ಕಬ್ಬಿಣದ ಸೇರನ್ನು ಎತ್ತಿ ಅವನ ಬಾಯಿಗೆ ಅಪ್ಪಳಿಸಿದಳು. ಕೆಳತುಟಿ ಸೀಳಿತು, ಮುಂದಿನ ಹಲ್ಲು ಅರ್ಧ ಹೋಯಿತು. ಬಾಯಿಗೆ ಟವೆಲ್ ಒತ್ತಿಕೊಂಡು ಕಾಯುತ್ತಿದ್ದ ಜೀಪು ಹತ್ತಿದವನು ಸಂಜೆ ಅದೇ ಬಾಯಲ್ಲಿ ಭೈರವಿ ಊದಿದ. ಜನ ಕಣ್ಣೀರು ಹಾಕಿದರಂತೆ.

ಅವನು ಮತ್ತೆ ಮನೆಗೆ ಬರಲಿಲ್ಲ. ರಾಮದುರ್ಗದಲ್ಲಿ ಉಳಿದು, ತನ್ನ ಹೆಂಡತಿಗೆ ಸಂಗೀತದ ಕಿಮ್ಮತ್ತಿಲ್ಲ ಎಂದು ಸಾರಿಕೊಂಡು ತಿರುಗಿದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಪೇಟೆಯ ಜನ ಅವಳ ಮುಂದೆಯೇ ಅಂದರು. ಅನ್ನಲಿ! ಅವನು ಈ ಹೊಸ್ತಿಲು ತುಳಿಯದಿದ್ದರೆ ಸಾಕಿತ್ತು ಆಕೆಗೆ. ನೀಲಾ ನಿದ್ದೆಯಲ್ಲಿ ಚೀರುವುದು ನಿಂತಿತ್ತು. ಅದಕ್ಕಾಗಿ ಕೃಷ್ಣವ್ವ ಕತ್ತೆ ಎನ್ನಿಸಿಕೊಳ್ಳಲೂ ತಯಾರಿದ್ದಳು.

ತೊಂಬತ್ತೊಂಬತ್ತರಲ್ಲಿ ರಸಿಕರ ಕಾಳಗ ಅತಿಗೆ ಹೋಯಿತು. ವೀರಪ್ಪ ತಾಟಿನಿಂದ ಬಡಿದು ಅಮೋಘಸಿದ್ದಪ್ಪನ ಹುಬ್ಬು ಒಡೆದರು. ಅವನು ಸಾವಕಾರರ ಬೆರಳು ತಿರುವಿ ಮುರಿದ. ರಕ್ತ ಕಂಡ ಮೇಲೆ ಇಬ್ಬರಿಗೂ ಬುದ್ಧಿ ಬಂತು, ಅಂದರೆ ಅವರ ಮಟ್ಟಿಗೆ ಬುದ್ಧಿ. ಊದಿದವನನ್ನೇ ಕರೆತಂದು ಕೇಳಿಬಿಡೋಣ, ಅಗಲಿದ ಗಂಡ ಹೆಂಡಿರನ್ನು ಕೂಡಿಸಿದ ಪುಣ್ಯವೂ ಬರುತ್ತದೆ ಎಂದು ಗೊತ್ತುಮಾಡಿದರು. ಕೃಷ್ಣವ್ವನನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಕೃಷ್ಣವ್ವ ತಲೆ ಎತ್ತಿದಾಗ ಲಕ್ಕಪ್ಪ ಒಳಗೆ ನಿಂತಿದ್ದ. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ನೀಲಾಳ ಕೈಯಲ್ಲಿದ್ದ ತಾಟು ನೆಲಕ್ಕೆ ಬಿತ್ತು. ಹನ್ನೆರಡರ ಹುಡುಗಿ ಜೋಳದ ಚೀಲಗಳ ಹಿಂದೆ ಹೋಗಿ ಮುದುಡಿ ಕೂತಳು.

"ಮಾಸ್ತರ, ನೀವs ಹೇಳ್ರಿ," ಎಂದ ಅಮೋಘಸಿದ್ದಪ್ಪ. "ಅವತ್ತ ಮುನವಳ್ಳ್ಯಾಗ ಏನಾತು?"

ಲಕ್ಕಪ್ಪ ಕಣ್ಣು ಮುಚ್ಚಿದ. "ಅವತ್ತ ನಾ ಊದಲಿಲ್ಲಪಾ. ಮ್ಯಾಲಿನಂವ ಊದಿದ."

ಅಮೋಘಸಿದ್ದಪ್ಪ ಕೈಮುಗಿದ. ವೀರಪ್ಪ ಕೃಷ್ಣವ್ವನ ಕಡೆ ತಿರುಗಿ, "ನೋಡವಾ, ಇಂಥಾ ಮನಶ್ಯಾ ಕಂಡವರ ಮನ್ಯಾಗ ಉಣಬಾರದು. ಆದದ್ದಾತು. ಇವತ್ತಿನಿಂದ ಇಲ್ಲೇ ಇರತಾರ," ಎಂದರು.

"ಇಲ್ಲೆ ಇರಾಕ ಆಗೂದಿಲ್ರೀ ಅಣ್ಣಾರ," ಎಂದು ಕೃಷ್ಣವ್ವ ಎದ್ದು ನಿಂತಳು. "ಮ್ಯಾಲಿನಂವ ಊದಿಲ್ಲ. ಇವನ ತುಟಿ ಹರದಿತ್ತು. ಹರದಾಕಿ ನಾನು. ನನ್ನ ಕೂಸಿನ ಬೆನ್ನ ಸುಲದ, ಅದಕ್ಕ ಬಾಯಿಗೆ ಹೊಡದೆ. ಬೇಕಾದ್ರ ಬಾಯಿ ತಗಸಿ ಹಲ್ಲ ನೋಡ್ರಿ."

ಅಮೋಘಸಿದ್ದಪ್ಪನ ಮುಖ ಅರಳಿತು. "ಅಂದ್ರ ಕುಡದಿದ್ದಿಲ್ಲ! ಕೇಳಿದ್ರೇನ್ರೀ ಸಾವಕಾರ್ರ? ಹರದ ತುಟೀಲೆ ಭೈರವಿ ಊದ್ಯಾನ! ನಾ ಹೇಳಿದ್ದಿಲ್ಲ?"

ಸಾವಕಾರರು ಏನೋ ಅನ್ನುವಷ್ಟರಲ್ಲಿ ಲಕ್ಕಪ್ಪನ ಕೈ ಬೀಸಿ ಬಂತು. ಕೃಷ್ಣವ್ವನ ತಲೆ ಗೋಡೆಗೆ ಬಡಿಯಿತು, ಮೂಗಿನಿಂದ ರಕ್ತ ಇಳಿಯಿತು. ಒಂದು ಸ್ವರಕ್ಕಾಗಿ ಹುಬ್ಬು ಒಡೆದು ಬೆರಳು ಮುರಿದುಕೊಂಡ ಆ ಇಬ್ಬರು ಶೂರರು ಕೂತಲ್ಲಿಂದ ಅಲುಗಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಬಾಯಿ ಹಾಕಬಾರದಂತೆ!

ಚೀಲದ ಹಿಂದಿನಿಂದ ನೀಲಾ ಓಡಿ ಬಂದು ಅವ್ವನಿಗೆ ಅಡ್ಡ ನಿಂತಳು. ಲಕ್ಕಪ್ಪ ಅವಳ ಜಡೆಗೆ ಕೈ ಹಾಕಿ ಎಳೆದ. ಕೃಷ್ಣವ್ವ ಒಲೆಯಿಂದ ಉರಿಯುವ ಕೊಳ್ಳಿ ಸೆಳೆದು ಆ ಕೈಗೆ ಒತ್ತಿದಳು. ಚರ್ಮ ಚುರ್ರೆಂದಿತು. ಲಕ್ಕಪ್ಪ ಗೂಳಿಯಂತೆ ಒದರಿ ಜಡೆ ಬಿಟ್ಟ. ಆಕೆ ಮತ್ತೊಮ್ಮೆ ಕೊಳ್ಳಿ ಎತ್ತಿದಾಗ ಅಮೋಘಸಿದ್ದಪ್ಪ ಎದ್ದು ಚೀರಿದ.

"ಯಕ್ಕಾ, ಕೈಗೆ ಬ್ಯಾಡ! ಬೆರಳ ಸುಟ್ರ ಮಾಸ್ತರ ಊದೂದು ಹೆಂಗ?"

ಕೊಳ್ಳಿ ಹಿಡಿದೇ ಆಕೆ ಅವನತ್ತ ತಿರುಗಿದಳು.

"ಮುನವಳ್ಳಿಗಿಂತ ಮೊದ್ಲ ಇದs ಕೈ ನನ್ನ ಮುಂಗೈ ಮುರದಿತ್ತೋ ತಮ್ಮಾ. ತಿಂಗಳಗಟ್ಟಲೆ ಒಂದs ಕೈಲೆ ರೊಟ್ಟಿ ಬಡದ ನಿಮಗಿಬ್ರಿಗೂ ನೀಡೀನಿ. ರೊಟ್ಟಿ ದಪ್ಪ ಆಗ್ಯಾವಲ್ಲ ಅಂದ್ರಿ, ತಿಂದ ಹೋದ್ರಿ. ಒಂದ ಸ್ವರ ಜಾರಿದ್ದು ನಿಮಗ ಇಷ್ಟ ವರ್ಷ ಆದ್ರೂ ಕೇಳಸತೈತಿ. ಕಟ್ಟ ಕಟಗೊಂಡ ನನ್ನ ಕೈ ಕಾಣಲಿಲ್ಲ?"

ಅಮೋಘಸಿದ್ದಪ್ಪ ಹಿಂದೆ ಸರಿದು ಕೂತ. ವೀರಪ್ಪ ತಾಟಿನ ಮೇಲಿನ ಕಣ್ಣು ಎತ್ತಲಿಲ್ಲ. ಕೊಳ್ಳಿ ಮತ್ತೆ ತನ್ನತ್ತ ಬರುವುದನ್ನು ಕಂಡ ಲಕ್ಕಪ್ಪ ಸುಟ್ಟ ಕೈಯನ್ನು ಎದೆಗೊತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಶಾಲು ಹೊಸ್ತಿಲ ಹೊರಗೆ ಬಿತ್ತು. ಸ್ವಲ್ಪ ಹೊತ್ತಿಗೆ ರಸಿಕರಿಬ್ಬರೂ ಉಣ್ಣದೆ ಎದ್ದು ಹೋದರು.

ನೀಲಾ ಅವ್ವನ ಸೆರಗಿನಿಂದಲೇ ಆಕೆಯ ಮೂಗು ಒರೆಸಿದಳು. "ಮತ್ತ ಬರತಾನೇನಬೇ?" ಎಂದು ಕೇಳಿದಳು.

"ಬರಲಿ," ಎಂದಳು ಕೃಷ್ಣವ್ವ. ಕೊಳ್ಳಿಯನ್ನು ಮತ್ತೆ ಒಲೆಗಿಟ್ಟು ಉರಿ ಸರಿಮಾಡಿದಳು.