ಪಾಯಸ ಬೀಳದ ಎಲೆ

ಊಟದ ಸಾಲಿನಲ್ಲಿ ಒಬ್ಬರ ಎಲೆಗೆ ಪಾಯಸ ಬಿದ್ದು ಪಕ್ಕದವರ ಎಲೆ ಖಾಲಿ ಇದ್ದರೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಯಾರ ಮನೆಯ ಸಮಾರಂಭವಾದರೂ ಸರಿ, ಎದ್ದು ಹೋಗಿ ಬಡಿಸುವವರ ಕೈಯಿಂದ ಸೌಟು ಇಸಿದುಕೊಂಡು ಆ ಎಲೆಗೆ ಸುರಿದು ಬರುತ್ತೇನೆ. ಒಮ್ಮೆ ಹಾಗೆ ಸುರಿದದ್ದು ಸಕ್ಕರೆ ಕಾಯಿಲೆಯವರ ಎಲೆಗೆ. ಅವರು ಕಣ್ಣು ಮುಚ್ಚಿ ಸವಿದು ಉಂಡರು. ಅವರ ಹೆಂಡತಿ ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ.

ಇದನ್ನು ಎಲ್ಲರೂ ನನ್ನ ದೊಡ್ಡ ಗುಣ ಎಂದೇ ಹೇಳುತ್ತಿದ್ದರು. ನಾನೂ ನಂಬಿದ್ದೆ. ನನ್ನ ತಮ್ಮನ ಸಂಶೋಧನೆಯೊಳಗೆ ಸೌಟು ಹಾಕುವವರೆಗೆ.

ಆಗ ನಾವು ದೆಹಲಿಯ ಪೀತಮ್‌ಪುರದಲ್ಲಿದ್ದೆವು. ನಮ್ಮ ಮನೆಯವರು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ನನಗಿಂತ ಬಹಳ ಚಿಕ್ಕವನಾದ ತಮ್ಮ ನಮ್ಮಿಬ್ಬರ ಪಾಲಿನದನ್ನೂ ಓದಿಬಿಟ್ಟ. ಡಾಕ್ಟರೇಟ್ ಮಾಡಲು ದೆಹಲಿಗೆ ಬಂದವನು ನಮ್ಮ ಮನೆಯಲ್ಲೇ ಉಳಿದ. ಅವನ ವಿಷಯ ಸುಟ್ಟ ಗಾಯ. ಗಾಯದಲ್ಲಿ ಸೇರಿಕೊಳ್ಳುವ ಕ್ರಿಮಿಗಳನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ತೆಗೆದು, ಪುಟ್ಟ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸಿ, ಅವು ಯಾವುದಕ್ಕೆ ಸಾಯುತ್ತವೆ ಎಂದು ನೋಡುವುದು.

"ಸಾಯಿಸೋಕೆ ಅಂತ ಸಾಕ್ತೀಯೇನೋ?" ಎಂದು ಕೇಳಿದ್ದೆ.

"ಸಾಕೋದು ಹಾಗೆಯೇ ಅಕ್ಕ. ಕೋಳಿ ಸಾಕೋರನ್ನ ಕೇಳು," ಎಂದ.

ಬಂದ ಹೊಸದರಲ್ಲೇ ಅವನು ನನಗೊಂದು ಅವಮಾನ ಮಾಡಿದ. ನಾನು ಅಡುಗೆ ಮಾಡುವಾಗ ಸೊಂಟಕ್ಕೊಂದು ಬಟ್ಟೆ ಸಿಕ್ಕಿಸಿಕೊಳ್ಳುತ್ತೇನೆ. ಕೈ ಒರೆಸುವುದು, ಕಟ್ಟೆ ಒರೆಸುವುದು, ಬಿಸಿ ಪಾತ್ರೆ ಇಳಿಸುವುದು ಎಲ್ಲವೂ ಅದರಲ್ಲೇ. ದಿನಾ ಸಂಜೆ ಒಗೆದು ಹಾಕುವ ಬಟ್ಟೆ. ಅವನು ಒಂದು ದಿನ ಆ ಬಟ್ಟೆಗೆ ಕಡ್ಡಿ ಮುಟ್ಟಿಸಿಕೊಂಡು ಹೋಗಿ, ವಾರದೊಳಗೆ ಒಂದು ಫೋಟೊ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ತಟ್ಟೆಯ ತುಂಬ ಹಸಿರು ಹಸಿರಾಗಿ ಏನೋ ಹರಡಿಕೊಂಡಿತ್ತು.

"ನಿನ್ನ ಬಟ್ಟೆ ಕಣೇ. ವಾಸನೆ ಕೂಡ ಚೆನ್ನಾಗಿರುತ್ತೆ. ದ್ರಾಕ್ಷಿ ಹಣ್ಣಿನ ಥರ."

"ದ್ರಾಕ್ಷಿ ವಾಸನೆ ಬರೋದು ಕೊಳಕು ಹೇಗಾಗುತ್ತೋ?" ಎಂದೆ. ಬಟ್ಟೆಯನ್ನು ಇನ್ನೂ ಗಟ್ಟಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಮ್ಮ ಮನೆಯವರು ಕನ್ನಡಕ ಏರಿಸಿ ಆ ಫೋಟೊ ನೋಡಿ, "ಪುದೀನ ಚಟ್ನಿ ಬಹಳ ಚೆನ್ನಾಗಿ ಬಂದಿದೆ," ಎಂದರು.

ಮುಂದಿನ ವರ್ಷ ತಮ್ಮನ ಕೆಲಸ ಆಸ್ಪತ್ರೆಗೆ ಬಂತು. ಅವರ ಪ್ರಯೋಗಾಲಯದಲ್ಲಿ ನೀಲಿ ಬಣ್ಣದ ಒಂದು ಜೆಲ್ ತಯಾರಾಗಿತ್ತು. ಸಣ್ಣಪುಟ್ಟ ಸುಟ್ಟ ಗಾಯದವರಲ್ಲಿ ಅರ್ಧ ಜನಕ್ಕೆ ಅದನ್ನು ಹಚ್ಚಿ, ಇನ್ನರ್ಧ ಜನಕ್ಕೆ ಎಲ್ಲ ಆಸ್ಪತ್ರೆಗಳಲ್ಲೂ ಹಚ್ಚುವ ಬಿಳಿ ಮುಲಾಮು ಹಚ್ಚಿ, ಯಾರದು ಬೇಗ ಮಾಗುತ್ತದೆ ಎಂದು ನೋಡಬೇಕು. ಎಲ್ಲರಿಂದಲೂ ಒಪ್ಪಿಗೆಯ ಸಹಿ ಪಡೆದೇ ಸೇರಿಸಿಕೊಳ್ಳುತ್ತಿದ್ದರು. ಪಟ್ಟಿ ಕಟ್ಟುವವಳು ಒಬ್ಬ ಮಲಯಾಳಿ ಸಿಸ್ಟರ್. ಯಾರಿಗೆ ನೀಲಿ, ಯಾರಿಗೆ ಬಿಳಿ ಎಂಬುದು ಅವಳಿಗೆ ಮಾತ್ರ ಗೊತ್ತು. ಗಾಯ ಅಳೆಯುವ ನನ್ನ ತಮ್ಮನಿಗೆ ಗೊತ್ತಾಗಬಾರದು. ಗೊತ್ತಾದರೆ ಅವನ ಕಣ್ಣು ನೀಲಿಯ ಕಡೆ ವಾಲುತ್ತದಂತೆ.

ತೊಂದರೆ ಏನೆಂದರೆ, ಜನ ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ನೋವು ನಿಂತ ಮೇಲೆ ಯಾರು ಎರಡು ಬಸ್ಸು ಹಿಡಿದು ಆಸ್ಪತ್ರೆಗೆ ಬರುತ್ತಾರೆ? ತಮ್ಮ ಊಟದ ಮುಂದೆ ತಲೆ ಹಿಡಿದು ಕೂತ. "ಹೀಗೇ ಆದ್ರೆ ನನ್ನ ಫೆಲೋಶಿಪ್ ಮುಗಿಯುತ್ತೆ, ಥೀಸಿಸ್ ಮುಗಿಯಲ್ಲ. ಬರಿಗೈಲಿ ಊರಿಗೆ ಹೋಗಬೇಕಾಗುತ್ತೆ ಅಕ್ಕ."

ನಾನಿರುವಾಗ ಅವನು ಬರಿಗೈಲಿ ಹೋಗುವುದೇ? ಪೀತಮ್‌ಪುರದಲ್ಲಿ ಯಾರ ಮನೆಯಲ್ಲಿ ಕುಕ್ಕರ್ ಕೂಗಿತು, ಯಾರ ಮನೆಯಲ್ಲಿ ಕೈ ಸುಟ್ಟಿತು ಎಂಬುದೆಲ್ಲ ನನಗೆ ಗೊತ್ತಾಗುತ್ತಿತ್ತು. ಮೊದಲು ಮೇಲಿನ ಮನೆಯ ಪಂಜಾಬಿ ಆಂಟಿಯನ್ನು ಕರೆದುಕೊಂಡು ಹೋದೆ, ಪಕೋಡದ ಎಣ್ಣೆ ಹಾರಿದ್ದಕ್ಕೆ. ಆಮೇಲೆ ನಮ್ಮ ಕನ್ನಡದ ಹೆಂಗಸರು. ಆಗಷ್ಟೇ ನಮ್ಮ ಕಡೆಗೂ ಮೆಟ್ರೊ ಬಂದಿತ್ತು. ಮೆಟ್ರೊ ತೋರಿಸುತ್ತೇನೆ ಎಂದರೆ ಗಾಯ ಇಲ್ಲದವರೂ ಬರಲು ತಯಾರಿದ್ದರು. ನಾನು ಕರೆದುಕೊಂಡು ಹೋದವರು ಒಬ್ಬರೂ ಒಂದು ಸಲವೂ ತಪ್ಪಿಸಲಿಲ್ಲ. ತಮ್ಮನ ಗೈಡ್ ಮೇಡಂ, "ನಿಮ್ಮಂಥ ಅಕ್ಕ ಎಲ್ಲರಿಗೂ ಸಿಗಲಿ," ಎಂದು ಹಿಂದಿಯಲ್ಲಿ ಹೇಳಿದಾಗ ನಾನು ನೆಲದಿಂದ ಒಂದು ಗೇಣು ಮೇಲೆ ನಡೆದೆ.

ಹುಬ್ಬಳ್ಳಿಯವರೊಬ್ಬರು ನನ್ನ ಗೆಳತಿ. ಅವರ ಯಜಮಾನರೂ ನಮ್ಮವರ ಕಚೇರಿಯಲ್ಲೇ ಇದ್ದರು. ಕನ್ನಡ ಸಂಘದ ಹಬ್ಬದ ಅಡುಗೆಯಲ್ಲಿ ಹೋಳಿಗೆಯ ಹೂರಣ ಕುದಿಯುವಾಗ ಒಂದು ಉಂಡೆ ಚಿಮ್ಮಿ ಅವರ ಮುಂಗೈ ಮೇಲೆ ಕೂತುಬಿಟ್ಟಿತ್ತು. ಅವರನ್ನೂ ಕರೆದೊಯ್ದೆ. ಸಿಸ್ಟರ್ ಬಾಯಿ ಬಿಡಲಿಲ್ಲ, ಆದರೆ ಬಣ್ಣಕ್ಕೆ ಬಾಯಿ ಬೇಕೇ? ವಾಪಸು ಬರುವಾಗ ಮೆಟ್ರೊದಲ್ಲಿ ಅವರು ಕೇಳಿದರು.

"ನಿಮ್ಮ ಮ್ಯಾಲಿನ ಮನಿ ಆಂಟಿಗೆ ಏನ್ ಹಚ್ಚಿದ್ರು?"

"ನೀಲಿದು."

"ನನಗ ಬಿಳೇದು ಹಚ್ಯಾರ್ರೀ." ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. "ಇರ್ಲಿ ಬಿಡ್ರಿ. ಪಂಜಾಬಿಯವ್ರಿಗೆ ಹೊಸಾದು, ನಮ್ಮವ್ರಿಗೆ ಹಳೇದು. ನಿಮ್ಮ ತಮ್ಮಾರು ಏನ್ ಮಾಡ್ಯಾರು ಪಾಪ."

ನನ್ನ ಕಿವಿಯಲ್ಲಿ ಸೌಟಿನ ಸದ್ದಾಯಿತು. ಮನೆಗೆ ಬಂದವಳೇ ತಮ್ಮನನ್ನು ಹಿಡಿದುಕೊಂಡೆ.

"ಯಾರಿಗೆ ಯಾವುದು ಅಂತ ಹೇಗೋ ತೀರ್ಮಾನ ಮಾಡ್ತೀರಿ?"

"ಮುಚ್ಚಿದ ಲಕೋಟೆ ಇರುತ್ತೆ. ಚೀಟಿ ಎತ್ತಿದ ಹಾಗೆ."

"ಬಡಿಸೋಕೆ ಯಾರಾದ್ರೂ ಚೀಟಿ ಎತ್ತುತ್ತಾರೇನೋ? ಒಂದೇ ಸಾಲಲ್ಲಿ ಕೂರಿಸಿ ಒಬ್ಬರಿಗೆ ಪಾಯಸ, ಇನ್ನೊಬ್ಬರಿಗೆ ಮಜ್ಜಿಗೆ?"

"ಅಕ್ಕ, ಬಿಳಿದೂ ಒಳ್ಳೇ ಔಷಧಿನೇ. ನೀನು ಸುಮ್ಮನಿರು, ಪ್ಲೀಸ್."

ನಾನು ಸುಮ್ಮನಿರಲಿಲ್ಲ. ನಮ್ಮ ಅಮ್ಮ ಕಾಯಿಸಿ ಕಳಿಸಿದ್ದ ಎಣ್ಣೆಯ ಬಾಟಲಿ ನನ್ನ ಹತ್ತಿರ ಇತ್ತು. ಕೊಬ್ಬರಿ ಎಣ್ಣೆ, ತುಂಬೆ ಸೊಪ್ಪು, ಅರಿಶಿನ. ಚಿಕ್ಕಂದಿನಲ್ಲಿ ನಮ್ಮ ಮೊಣಕಾಲುಗಳೆಲ್ಲ ಅದರಲ್ಲೇ ವಾಸಿಯಾಗಿದ್ದವು. ಮರುದಿನ ಹುಬ್ಬಳ್ಳಿಯವರನ್ನು ಅಡುಗೆಮನೆಗೆ ಕರೆಸಿಕೊಂಡೆ. ಪಟ್ಟಿ ಬಿಚ್ಚುವುದು, ಕಟ್ಟುವುದು ಸಿಸ್ಟರನ್ನು ನೋಡಿ ನೋಡಿ ಬಂದಿತ್ತು. ಒಗ್ಗರಣೆ ಮುಗಿಸಿ, ಬೆರಳನ್ನು ಸೊಂಟದ ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡು, ಎಣ್ಣೆ ಅದ್ದಿ, ಹಗುರವಾಗಿ ಹಚ್ಚಿದೆ. ಹುಬ್ಬಳ್ಳಿಯವರು, "ತಂಪ್ ಅನಸ್ತದ ನೋಡ್ರಿ," ಎಂದರು. ನನಗೂ ತಂಪಾಯಿತು. ಪಾಯಸ ಬೀಳದ ಎಲೆಗೆ ಪಾಯಸ ಬಿತ್ತು.

ಆಮೇಲೆ ನಮ್ಮ ಗುಂಪಿನಲ್ಲಿ ಬಿಳಿ ಸಿಕ್ಕ ಇನ್ನಿಬ್ಬರೂ ನಮ್ಮ ಅಡುಗೆಮನೆಗೆ ಬಂದರು. ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ಎಣ್ಣೆ ಒರೆಸಿ ಹೊಸ ಪಟ್ಟಿ ಕಟ್ಟುತ್ತಿದ್ದೆ. ಒಮ್ಮೆ ಸಿಸ್ಟರ್ ಪಟ್ಟಿಯ ಗಂಟು ನೋಡಿ, "ಯೇ ಮೇರಾ ಗಾಂಠ್ ನಹೀಂ ಹೈ," ಎಂದಳು. ಗಂಟು ತನ್ನದಲ್ಲ ಎಂದು ಗುರುತು ಹಿಡಿದಿದ್ದಳು. ಸ್ನಾನದಲ್ಲಿ ಒದ್ದೆಯಾಯಿತು, ನಾನೇ ಕಟ್ಟಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ಡಬ್ಬಿ ತೆಗೆದು ಅವಳಿಗೆ ಕೋಡುಬಳೆ ಕೊಟ್ಟೆ. ನಂಬಿದಳು. ಕೋಡುಬಳೆ ಕೊಡುವವರು ಸುಳ್ಳು ಹೇಳುತ್ತಾರೆಂದು ಯಾರು ಅಂದುಕೊಳ್ಳುತ್ತಾರೆ?

ಹುಬ್ಬಳ್ಳಿಯವರ ಗಾಯ ಒಣಗಲಿಲ್ಲ. ಅಂಚಿನಲ್ಲಿ ಕೆಂಪಾಗಿ, ನಡುವೆ ಒಸರತೊಡಗಿತು. ಬಿಳಿ ಮುಲಾಮಿನದೇ ತಪ್ಪು ಎಂದುಕೊಂಡು ನಾನು ಎಣ್ಣೆಯನ್ನು ಎರಡು ಹೊತ್ತು ಹಚ್ಚಿದೆ.

ಒಂದು ಭಾನುವಾರ ಬೆಳಿಗ್ಗೆ ತಮ್ಮ ದೋಸೆಯ ಮುಂದೆ ಕೂತು ದೋಸೆ ಮುರಿಯದೆ ಇದ್ದ. ಏನಾಯಿತೋ ಎಂದೆ.

"ಮೂರು ಜನರ ಗಾಯದಲ್ಲಿ ಒಂದೇ ಕ್ರಿಮಿ ಬಂದಿದೆ ಅಕ್ಕ. ಉಳಿದ ಯಾರಲ್ಲೂ ಇಲ್ಲ. ಮೇಡಂ ಲಕೋಟೆ ತೆಗೆಸಿ ನೋಡಿದ್ರು. ಮೂವರೂ ಬಿಳಿ ಗುಂಪು. ಬಿಳಿ ಮುಲಾಮಿನ ಟ್ರೇ ಜೋಡಿಸೋದು ಸಿಸ್ಟರ್. ಅವಳ ಕೈ ಸರಿಯಾಗಿ ತೊಳೆದಿಲ್ಲ ಅಂತ ಮೇಡಂ ನಾಳೆ ಮೇಲಿನವರಿಗೆ ಬರೆದು ಕೊಡ್ತಾರೆ. ಅವಳು ಅಳ್ತಾ ಇದ್ಲು. ಸ್ಟಡಿ ಕೂಡ ನಿಲ್ಲಿಸಬೇಕಾಗಬಹುದು." ಚೀಲದಿಂದ ಒಂದು ಫೋಟೊ ತೆಗೆದು ತಟ್ಟೆಯ ಪಕ್ಕ ಇಟ್ಟ.

ನಾನು ಬಗ್ಗಿ ನೋಡಿದೆ. ಹಸಿರು ಹಸಿರಾಗಿ ಹರಡಿಕೊಂಡಿತ್ತು. ಜಾತ್ರೆಯಲ್ಲಿ ಕಳೆದುಹೋದ ಮಗು ಎದುರಿಗೆ ಸಿಕ್ಕಂತೆ ಬಾಯಿಂದ ಮಾತು ಹಾರಿಬಿಟ್ಟಿತು.

"ಅಯ್ಯೋ, ಇದು ನನ್ನ ಬಟ್ಟೆಯಲ್ಲವೇನೋ!"

ತಮ್ಮ ತಲೆ ಎತ್ತಿದ. ಫ್ರಿಜ್ಜಿನ ಬಾಗಿಲಲ್ಲಿ ಹಳೆಯ ಫೋಟೊ ಇನ್ನೂ ಇತ್ತು. ಅದನ್ನು ನೋಡಿದ, ಇದನ್ನು ನೋಡಿದ, ಕೊನೆಗೆ ನನ್ನ ಸೊಂಟವನ್ನು ನೋಡಿದ. ಬಟ್ಟೆ ಅಲ್ಲೇ ಇತ್ತು. ಹೆಂಚಿನ ಮೇಲೆ ದೋಸೆ ಸೀಯುತ್ತಿತ್ತು. ಅದನ್ನು ತೆಗೆಯಲು ನನ್ನ ಕೈ ಅಭ್ಯಾಸದಂತೆ ಮೊದಲು ಬಟ್ಟೆಗೆ ಹೋಯಿತು. ಅರ್ಧಕ್ಕೇ ನಿಂತಿತು.

ಎಲ್ಲ ಹೇಳಿದೆ. ಎಣ್ಣೆ, ಬೆರಳು, ಗಂಟು, ಕೋಡುಬಳೆ. ಹೇಳುತ್ತ ಹೋದಂತೆ ಅವನು ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ, ಅದೇ ಕಷ್ಟವಾಯಿತು.

"ಯಾಕೆ ಮಾಡಿದೆ ಅಕ್ಕ?"

"ಅವರ ಎಲೆಗೆ ಪಾಯಸ ಬಿದ್ದಿರಲಿಲ್ಲವಲ್ಲೋ."

ತಮ್ಮ ದೋಸೆಯ ತಟ್ಟೆಯನ್ನು ಆಚೆ ಸರಿಸಿ ಹೇಳಿದ: "ನೀಲಿದು, ಬಿಳಿದು, ಯಾವುದು ಪಾಯಸ ಅಂತ ನನಗೇ ಗೊತ್ತಿಲ್ಲ ಕಣೇ. ಅದನ್ನ ತಿಳಿದುಕೊಳ್ಳೋಕೇ ಇಷ್ಟೆಲ್ಲ ಮಾಡ್ತಾ ಇರೋದು."

ಇಷ್ಟು ದಿನ ಅವನ ಜೊತೆ ಓಡಾಡಿದ ನನಗೆ ಆ ಒಂದು ಮಾತು ಹೊಳೆದೇ ಇರಲಿಲ್ಲ. ನೀಲಿ ಹೊಸದು, ಆದ್ದರಿಂದ ಅದೇ ಪಾಯಸ ಎಂದು ನಾನೇ ತೀರ್ಮಾನಿಸಿದ್ದೆ.

ಅವನು ಎದ್ದು ಬಾಟಲಿಯನ್ನೂ ಬಟ್ಟೆಯನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಪೊಲೀಸರು ಕಳ್ಳನ ಮನೆಯಲ್ಲಿ ಮಾಡುವ ಹಾಗೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದ, "ನನಗೆ ಮಾತ್ರ ಏನೂ ಆಗಿಲ್ಲ, ಇಪ್ಪತ್ತು ವರ್ಷದಿಂದ ಅದೇ ಕೈಯಲ್ಲಿ ಉಣ್ತಾ ಇದ್ದೀನಿ," ಎಂದರು. ಯಾರೂ ನಗಲಿಲ್ಲ. ಆಮೇಲೆ ತಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡ.

ಸೋಮವಾರ ಅವನಿಗಿಂತ ಮುಂಚೆ ನಾನೇ ಸೀರೆ ಉಟ್ಟು ತಯಾರಾದೆ. ಮೇಡಂ ಮುಂದೆ ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ, ಸಿಸ್ಟರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು. ಮೇಡಂ ಬರೆದಿಟ್ಟಿದ್ದ ಹಾಳೆಯನ್ನು ಎರಡಾಗಿ ಹರಿದರು. ಸಿಸ್ಟರ್ ಮಾತ್ರ ಹೊರಗೆ ಬಂದ ಮೇಲೆ, "ಇನ್ನು ಮೇಲೆ ಕೋಡುಬಳೆ ತರಬೇಡಿ," ಎಂದಳು. ಆ ಮಾತು ಬಟ್ಟೆಯ ಫೋಟೊಕ್ಕಿಂತ ಹೆಚ್ಚು ಚುಚ್ಚಿತು.

ನನ್ನ ಮೂವರನ್ನು ಲೆಕ್ಕದಿಂದ ತೆಗೆದು ಸರಿಯಾದ ಔಷಧಿ ಕೊಟ್ಟರು, ಗಾಯ ಮಾಗಿತು. ಅವರ ಬದಲಿಗೆ ಬೇರೆಯವರನ್ನು ಹುಡುಕುವುದರಲ್ಲಿ ತಮ್ಮನ ಥೀಸಿಸ್ ಮುಂದಕ್ಕೆ ಹೋಯಿತು, ಅವನ ಮದುವೆಯೂ ಜೊತೆಗೆ ಹೋಯಿತು. ಕೊನೆಗೆ ಲಕೋಟೆಗಳನ್ನೆಲ್ಲ ತೆಗೆದಾಗ ನೀಲಿಗೂ ಬಿಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. "ಅದೂ ಒಂದು ಉತ್ತರಾನೇ ಅಕ್ಕ," ಎಂದ ತಮ್ಮ. ಅದಕ್ಕೇ ಅವನಿಗೆ ಡಾಕ್ಟರೇಟ್ ಸಿಕ್ಕಿತು. ಅಮ್ಮನ ಎಣ್ಣೆಯನ್ನೂ ಕ್ರಿಮಿಯ ತಟ್ಟೆಗೆ ಹಾಕಿ ನೋಡಿದ್ದನಂತೆ. ಹಸಿರು ಅದರ ಸುತ್ತ ಆರಾಮಾಗಿ ಬೆಳೆದಿತ್ತಂತೆ. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಹುಬ್ಬಳ್ಳಿಯವರಿಗೆ ಮಾತ್ರ ಹೇಳಲೇಬೇಕಿತ್ತು. ಅವರ ಮುಂಗೈ ಮೇಲೆ ಗಾಯ ಹೋಗಿ ರೂಪಾಯಿ ಅಗಲದ ಕಲೆ ಉಳಿದಿತ್ತು. ಮನೆಗೆ ಹೋಗಿ, ತಲೆ ತಗ್ಗಿಸಿ, ಬಟ್ಟೆಯಿಂದ ಹಿಡಿದು ಎಲ್ಲ ಹೇಳಿದೆ. ಅವರು ಚಹಾ ಸೋಸುತ್ತಿದ್ದವರು ತಿರುಗಿ ನೋಡಿದರು.

"ಏನ್ ಹುಚ್ಚರ್ರೀ ನೀವು! ನಿಮ್ಮ ಎಣ್ಣಿ ಇದ್ದಿದ್ದಕ್ಕ ಇಷ್ಟರಾಗ ಹೋತು. ಇಲ್ಲಂದ್ರ ಕೈನ ಹೋಗ್ತಿತ್ತು."

"ಇಲ್ಲ ರೀ, ಎಣ್ಣೆಯಿಂದಲೇ..."

"ಸುಮ್ನಿರ್ರಿ. ಅಂದಂಗ ಇನ್ನೊಂದು ಬಾಟ್ಲಿ ಐತೇನು? ನಮ್ಮ ತಂಗಿ ಕೇಳಾಕತ್ತಾಳ."

ಆ ಕ್ಷಣ ನನಗೆ ಬೈಸಿಕೊಳ್ಳುವ ಸುಖವೂ ಸಿಗಲಿಲ್ಲ. ಬಾಟಲಿ ಇತ್ತು, ಅಮ್ಮ ಹೊಸದು ಕಳಿಸಿದ್ದಳು. ಇಲ್ಲ ಎಂದೆ. ಆ ಎಣ್ಣೆಯ ವಿಷಯದಲ್ಲಿ ನಾನು ಹೇಳಿದ ಕೊನೆಯ ಸುಳ್ಳು ಅದು, ಮತ್ತು ಅದೊಂದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಮುಂದಿನ ಹಬ್ಬಕ್ಕೆ ಸಂಘದ ಊಟದಲ್ಲಿ ಪಾಯಸದ ಸೌಟು ನನ್ನ ಕೈಗೇ ಬಂತು. ಸೋಪು ಹಾಕಿ ಕೈ ತೊಳೆದು, ಸೊಂಟದಲ್ಲಿ ಏನೂ ಸಿಕ್ಕಿಸಿಕೊಳ್ಳದೆ, ಸಾಲಿನುದ್ದಕ್ಕೂ ಎಲ್ಲರಿಗೂ ಒಂದೊಂದೇ ಸೌಟು ಹಾಕುತ್ತ ಬಂದೆ. ಹುಬ್ಬಳ್ಳಿಯವರ ಎಲೆಯ ಮುಂದೆ ನಿಂತಾಗ ಒಂದು ಹಾಕಿದೆ. ಸೌಟು ಮತ್ತೆ ಬಗ್ಗಿತು. ಅವರು "ಸಾಕ್ರೀ, ಸಾಕ್ರೀ" ಎನ್ನುತ್ತ ಎಲೆಗೆ ಕೈ ಅಡ್ಡ ಹಿಡಿದರು. ಆ ಕಲೆ ನನ್ನ ಕಣ್ಣೆದುರಿಗೇ ಬಂತು.

ಪಕ್ಕದ ಎಲೆಯಲ್ಲಿ ತಮ್ಮ ಕೂತಿದ್ದ. ತನ್ನ ಒಂದು ಸೌಟಿನ ಪಾಯಸವನ್ನೂ ಅವರ ಎಲೆಯನ್ನೂ ನೋಡಿದ. ನಾನು ಅವರ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಎರಡನೆಯ ಸೌಟು ಹಾಕಿದೆ.